ಮುಧೋಳ ಒಂದೇ ಹೆಜ್ಜೆ

ನವೆಂಬರ್ 18, 2024, ಸೋಮವಾರ

ಇವತ್ತಿನಿಂದ ಎಲ್ಲವನ್ನೂ ತಾರೀಖು ಹಾಕಿ ಬರೆದಿಡುತ್ತೇನೆ. ಯಾರು ಏನು ಅಂದರು, ಎಷ್ಟು ಗಂಟೆಗೆ ಅಂದರು, ಯಾರ ಮುಂದೆ ಅಂದರು. ನಾಳೆ ಮಾತು ತಿರುಗಿಸುವವರು ಬಹಳ ಮಂದಿ. ನನ್ನ ಕಡೆ ಲೆಕ್ಕ ಇರಬೇಕು.

ಬೆಳಿಗ್ಗೆ ಒಂಬತ್ತಕ್ಕೆ ಜಮಖಂಡಿಯಿಂದ ಡಾಕ್ಟರ್ ಮಧುಮತಿ ಮೇಡಂ ಫೋನ್. "ಚಿದಾನಂದ ಅವರ, ಮುಧೋಳದ ಇಸಿಜಿ ಸರಿ ಬರವಲ್ವು. ನಾಕ ದಿನದಾಗ ಒಂಬತ್ತ ಕಳಸ್ಯಾರ, ಮೂರ ಬಂದಾವು."

ಮೇಡಂ ಅವರದು ಜಮಖಂಡಿಯಲ್ಲಿ ದವಾಖಾನೆ. ಬನಹಟ್ಟಿ, ಮುಧೋಳ, ಬೀಳಗಿಯಲ್ಲಿ ಒಂದೊಂದು ಸಣ್ಣ ಕ್ಲಿನಿಕ್. ಎದೆನೋವು ಅಂತ ಬಂದವರಿಗೆ ಅಲ್ಲೇ ಇಸಿಜಿ ತೆಗೆದರೆ ಅದು ಕೇಬಲ್ ಹಿಡಿದು ಜಮಖಂಡಿಗೆ ಬರುತ್ತದೆ. ಮೇಡಂ ನೋಡಿ ಹತ್ತು ನಿಮಿಷದೊಳಗೆ ಬಾಗಲಕೋಟೆಗೆ ಓಡಿಸಿರಿ ಅನ್ನುತ್ತಾರೆ, ಇಲ್ಲ ಮನೆಗೆ ಕಳಿಸಿರಿ ಅನ್ನುತ್ತಾರೆ. ನಾಲ್ಕೂ ಊರಿಗೆ ಆ ಕೇಬಲ್ ಎಳೆದವನು ನಾನು. ಮಗ್ಗದ ಮೋಟರ್ ರಿಪೇರಿಯಿಂದ ಟಿವಿ ಕೇಬಲ್ಲಿಗೆ ಬಂದೆ, ಅಲ್ಲಿಂದ ಇಲ್ಲಿಗೆ. ನಾನೊಬ್ಬನೇ ಎಳೆದೆ ಅಂತ ಬರೆಯುವವನಿದ್ದೆ. ಲೆಕ್ಕದ ಪುಸ್ತಕದಲ್ಲಿ ಸುಳ್ಳು ಬೇಡ. ನಾನು ಮತ್ತು ಆ ಮುಧೋಳದವನು.

ಅವನ ಹೆಸರನ್ನು ಈ ಪುಸ್ತಕದಲ್ಲಿ ಬರೆಯುವುದಿಲ್ಲ. ಎರಡು ವರ್ಷದಿಂದ ಮಾತಿಲ್ಲ. ಮುಧೋಳದ ರೌಟರ್ ಪೆಟ್ಟಿಗೆ ಅವನ ಕೈಯಲ್ಲಿ, ಉಳಿದ ಮೂರು ನನ್ನ ಕೈಯಲ್ಲಿ. ತೊಂದರೆ ಇರುವುದು ಮುಧೋಳದಲ್ಲಿ. ಇದರಲ್ಲಿ ವಿಚಾರ ಮಾಡುವುದೇನಿದೆ?

ಆದರೂ ಬನಹಟ್ಟಿಯ ನನ್ನ ಪೆಟ್ಟಿಗೆ ತೆರೆದು ದಾರಿಗಳ ಪಟ್ಟಿ ನೋಡಿದೆ. ಮುಧೋಳ ಕ್ಲಿನಿಕ್, ಒಂದು ಹೆಜ್ಜೆ. ಸ್ವಚ್ಛ ಇದೆ. ದಾರಿ ಇದ್ದೂ, ಇದ್ದೀಯಾ ಅಂತ ಇಲ್ಲಿಂದ ಪಿಂಗ್ ಹಾಕಿ ಕೂಗಿದರೆ ಒಮ್ಮೆ ಓ ಅನ್ನುತ್ತದೆ, ನಾಲ್ಕು ಸಲ ಅನ್ನುವುದಿಲ್ಲ. ಅಂದರೆ ಅಲ್ಲಿ ಒಬ್ಬ ಬೇಕೆಂದೇ ಸ್ವಿಚ್ ಹಾಕಿ ತೆಗೆದು ಆಡುತ್ತಿದ್ದಾನೆ. ಮೇಡಂಗೆ ಅದನ್ನೇ ಹೇಳಿದೆ.

ನವೆಂಬರ್ 20, ಬುಧವಾರ

ಊಟಕ್ಕೆ ಕುಳಿತಾಗ ರಾಜೇಶ್ವರಿ ಕೇಳಿದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿ ನನ್ನ ಕೆಲಸದ ಬಗ್ಗೆ ಕೇಳಿದ್ದು ಇದು ಮೂರನೇ ಸಲ.

"ಅಲ್ರೀ, ಆ ಪೆಟಗಿಗೆ ಮುಧೋಳದ ದಾರಿ ಹೆಂಗ ಗೊತ್ತಾಗತೈತಿ?"

ಹೇಳಿದೆ. ಪ್ರತಿ ಮೂವತ್ತು ಸೆಕೆಂಡಿಗೊಮ್ಮೆ ಒಂದು ಪೆಟ್ಟಿಗೆ ತನ್ನ ನೆರೆಯ ಪೆಟ್ಟಿಗೆಗೆ ತನ್ನ ಪಟ್ಟಿ ಓದಿ ಹೇಳುತ್ತದೆ: ನನ್ನಿಂದ ಆ ಊರು ಒಂದು ಹೆಜ್ಜೆ, ಈ ಊರು ಎರಡು. ಕೇಳಿಸಿಕೊಂಡದ್ದು ಅದಕ್ಕೆ ಒಂದು ಕೂಡಿಸಿ ಮುಂದಿನವರಿಗೆ ಹೇಳುತ್ತದೆ. ಯಾರು ಕಡಿಮೆ ಹೆಜ್ಜೆ ಹೇಳುತ್ತಾರೋ ಅವರ ಮಾತು ಗೆಲ್ಲುತ್ತದೆ, ಸಾಮಾನು ಆ ಕಡೆ ಹೋಗುತ್ತದೆ. ಹದಿನೈದು ಹೆಜ್ಜೆ ತನಕ ಲೆಕ್ಕ. ಹದಿನಾರು ಅಂದರೆ ಅಂಥ ಊರೇ ಇಲ್ಲ ಅಂತ ಅರ್ಥ. ಇದಕ್ಕೆ ರಿಪ್ ಅಂತ ಹೆಸರು. ಹುಬ್ಬಳ್ಳಿಯಲ್ಲಿ ಹನ್ನೊಂದು ದಿನ ಕುಳಿತು ಕಲಿತೆ. ಈಗಿನ ಎಂಜಿನಿಯರ್ ಹುಡುಗರು ಇದು ಮುದಿಯಾಯಿತು ಅನ್ನುತ್ತಾರೆ. ಜಮಖಂಡಿ, ಬನಹಟ್ಟಿ, ಮುಧೋಳ, ಬೀಳಗಿ, ಮತ್ತೆ ಜಮಖಂಡಿ ಅಂತ ಬಳೆಯ ಹಾಗೆ ದುಂಡಗೆ ಕೂಡಿಸಿದ ನಾಲ್ಕು ಊರಿಗೆ ಇದಕ್ಕಿಂತ ದೊಡ್ಡದು ಯಾತಕ್ಕೆ?

"ಅಂದ್ರ ಯಾರೂ ಖುದ್ದ ಹೋಗಿ ನೋಡೂದಿಲ್ಲ?"

"ನೋಡೂದಿಲ್ಲ. ನೆರೆಯವರ ಮಾತ ನಂಬತಾವು."

"ಹಂಗಾರ ನಮ್ಮ ಓಣಿ ಹೆಣ್ಮಕ್ಕಳ ವಾಸಿ. ಒಬ್ಬಾಕಿರೆ ಹೋಗಿ ಬಾಗಲಾ ಸಂದ್ಯಾಗ ಹಣಿಕಿ ಹಾಕ್ತಾಳ."

ಶಾಸ್ತ್ರದ ಮಾತಿನಲ್ಲಿ ಓಣಿ ತರಬೇಡ ಅಂದೆ. ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದೆ. ಹಸಿವೆ ಇತ್ತು.

ನವೆಂಬರ್ 22, ಶುಕ್ರವಾರ

ಜಮಖಂಡಿಗೆ ಹೋಗಿ ಬಂದೆ. ದಾರಿಯಲ್ಲಿ ಹನ್ನೊಂದು ಕಬ್ಬಿನ ಟ್ರ್ಯಾಕ್ಟರ್. ಪ್ರತಿಯೊಂದಕ್ಕೂ ಎರಡೆರಡು ಟ್ರೇಲರ್. ಒಂದಕ್ಕೂ ಹಿಂದೆ ಕೆಂಪು ದೀಪವಿಲ್ಲ, ಎಲ್ಲದಕ್ಕೂ ಮುಂದೆ ಹಾಡಿದೆ.

ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ನೀಲಕಂಠ ಕೈ ಹಿಡಿದು ಕೂರಿಸಿದ. ನಾಲ್ಕೂ ಊರಿನ ಸುದ್ದಿ ಅವನ ಗಲ್ಲೆಯ ಮೇಲೆ ಬಂದು ಬೀಳುತ್ತದೆ.

"ಅಣ್ಣಾ, ಹೇಳಬಾರದು. ಆದ್ರೂ ಹೇಳ್ತೇನಿ."

"ಹೇಳಬಾರದಿದ್ರ ಹೇಳಬ್ಯಾಡ."

"ಮುಧೋಳದ ದುರಗೇಶ ಅಂದನಂತ, ಮೊದಲ ಆ ಚಿದಾನಂದನ ತಲಿ ಎಲ್ಲೆರ ತೋರಸ್ರಿ, ಆಮ್ಯಾಲೆ ಮುಧೋಳ ನೋಡೋಣು ಅಂತ."

"ಯಾರ ಮುಂದ ಅಂದ? ನಿನ್ನ ಮುಂದ?"

"ನನ್ನ ಮುಂದ ಅಲ್ಲ. ಕೇಳಿದಾವ್ರು ಹೇಳಿದ್ರು."

"ಹೌದಾ? ಅವನ ಪೆಟಗ್ಯಾಗ ಹಾವ ಹೊಕ್ಕೈತಿ, ಮೊದಲ ಅದನ್ನ ತಗಿ ಅಂತ ಹೇಳು."

ನೀಲಕಂಠನ ಮುಖ ಅರಳಿತು, ಒಂದು ಹೊಸ ಫೋನ್ ಮಾರಿದವನ ಹಾಗೆ.

ತಲೆ ತೋರಿಸಬೇಕಂತೆ! ಎರಡು ವರ್ಷದ ಹಿಂದೆ ತನ್ನ ತಂಗಿಯ ಮದುವೆಗೆ ನಮ್ಮ ಮನೆಗೆ ಬಂದು ಅಕ್ಷತೆ ಕೊಟ್ಟು ಕರೆಯದವನು ಇವನು. ಕಾರ್ಡನ್ನು ಇದೇ ನೀಲಕಂಠನ ಕೈಯಲ್ಲಿ ಕಳಿಸಿದ, ಕರೆಂಟ್ ಬಿಲ್ ಕಳಿಸಿದ ಹಾಗೆ. ಒಂದೇ ತಟ್ಟೆಯಲ್ಲಿ ಉಂಡವರು ನಾವು, ಕಂಬ ಹತ್ತುವಾಗ ಏಣಿ ಹಿಡಿದವರು. ರಾಜೇಶ್ವರಿಯ ಹಣೆಗೆ ಕುಂಕುಮ ಹಚ್ಚಿ ಕರೆಯುವವರೂ ಆ ಮನೆಯಲ್ಲಿ ಹುಟ್ಟಲಿಲ್ಲ. ನಾವು ಹೋಗಲಿಲ್ಲ. ಅಂದಿನಿಂದ ಮಾತು ಬಂದ್.

ಸಂಜೆ ಬೀಳಗಿ ಕ್ಲಿನಿಕ್ ನೋಡಿಕೊಳ್ಳುವ ಮುದಕಪ್ಪನ ಫೋನ್. "ನಮ್ಮ ಕಡಿಂದ ಮುಧೋಳ ಛಲೋ ಬರತೈತ್ರಿ. ಹತ್ತ ಕಳಸಿದ್ರ ಹತ್ತೂ ಮುಟ್ಟತಾವು. ಏನೂ ತ್ರಾಸಿಲ್ಲ." ಈ ಮುದಕಪ್ಪ ಅವನಿಗೆ ಸೋದರಮಾವ. ಮಾವ ಹೇಳದೆ ಇನ್ನಾರು ಹೇಳುತ್ತಾರೆ? ಹೂಂ ಅಂದು ಇಟ್ಟೆ.

ನವೆಂಬರ್ 25, ಸೋಮವಾರ

ಇವತ್ತು ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಸಿಟ್ಟಿಗೆ.

ಮುಧೋಳದ ಹಣಮವ್ವ, ವಯಸ್ಸು ಅರವತ್ತೊಂದು. ಬೆಳಿಗ್ಗೆ ಹತ್ತು ನಲವತ್ತಕ್ಕೆ ಎದೆ ಹಿಡಿದುಕೊಂಡು ಕ್ಲಿನಿಕ್ಕಿಗೆ ಬಂದಳು. ನರ್ಸ್ ಇಸಿಜಿ ತೆಗೆದು ಕಳಿಸಿದಳು. ಪರದೆಯ ಮೇಲೆ 'ಹೋಗುತ್ತಿದೆ' ಅಂತ ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ನಿನ್ನೆ ಎರಡು ಹೋಗಿದ್ದವು, ಇವತ್ತೂ ಹೋದೀತು ಅಂತ ನರ್ಸ್ ಕಾದಳು. ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸಿದಳು. ಮೇಡಂ, ಗೆರೆ ಮಸುಕು ಇದೆ, ಇದರ ಮೇಲೆ ನಾನು ಏನೂ ಹೇಳಲಾರೆ ಅಂದರು. ಕೊನೆಗೆ ಹಣಮವ್ವನ ಮಗ ಆ ಕಾಗದವನ್ನು ಅಂಗಿಯೊಳಗೆ ಇಟ್ಟುಕೊಂಡು ಟ್ರ್ಯಾಕ್ಟರುಗಳ ನಡುವೆ ಬೈಕ್ ಓಡಿಸಿಕೊಂಡು ಜಮಖಂಡಿಗೆ ಬಂದ. ಆಗ ಮಧ್ಯಾಹ್ನ ಒಂದೂಕಾಲು.

ಮೇಡಂ ನೋಡಿದ ತಕ್ಷಣ ಮುಧೋಳಕ್ಕೆ ಫೋನ್ ಮಾಡಿ ಬಾಗಲಕೋಟೆಗೆ ಓಡಿಸಿದರು. ಜೀವ ಉಳಿದಿದೆ. ಹೃದಯದ ಒಂದು ಭಾಗ ಹೋಯಿತಂತೆ. ಎರಡೂವರೆ ಗಂಟೆ. ಹತ್ತು ನಿಮಿಷದ ಕೆಲಸಕ್ಕೆ ಎರಡೂವರೆ ಗಂಟೆ.

ಮೇಡಂ ನನ್ನನ್ನು ಕರೆಸಿ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. "ಏನ ಮಾಡೂದ್ರಿ?" ಅಂತ ಅಷ್ಟೇ ಕೇಳಿದರು.

"ಮೇಡಂ, ಅಂವ ಬೇಕಂತ ಮಾಡಾಕತ್ತಾನ. ಮುಧೋಳದ ಪೆಟಗಿ ಅವನ ಕೈಯಾಗಿಂದ ತಗೀರಿ. ನಾಕೂ ನನ್ನ ಕೈಯಾಗ ಕೊಡ್ರಿ. ಒಂದ ದಿನದಾಗ ಸರಿ ಮಾಡ್ತೇನಿ."

ಹೊರಗೆ ಬಂದು ಎರಡು ಚಹಾ ಕುಡಿದೆ. ಒಬ್ಬ ಮನುಷ್ಯ ನನ್ನ ಮೇಲಿನ ಹಟಕ್ಕೆ ಒಂದು ಮುದುಕಿಯ ಎದೆಯನ್ನು ಒತ್ತೆ ಇಡುತ್ತಾನೆ ಅಂದರೆ ಅವನ ಜೊತೆ ಉಂಡ ಅನ್ನವನ್ನು ನಾನು ಎಲ್ಲಿ ಹೋಗಿ ಕಕ್ಕಲಿ?

ನವೆಂಬರ್ 26, ಮಂಗಳವಾರ

ಏನೂ ಬರೆಯುವುದಿಲ್ಲ.

ನವೆಂಬರ್ 28, ಗುರುವಾರ

ಗೆದ್ದೆ. ಮೇಡಂ ಪತ್ರ ಟೈಪ್ ಮಾಡಿಸಿದ್ದಾರೆ. ಮುಧೋಳದ ಪೆಟ್ಟಿಗೆ, ಅದರ ಪಾಸ್‌ವರ್ಡ್, ಅಲ್ಲಿನ ಕೇಬಲ್ ಎಲ್ಲವೂ ಬರುವ ಸೋಮವಾರದಿಂದ ನನಗೆ. ಅವನಿಗೆ ನಮಸ್ಕಾರ. ಮುಧೋಳದಲ್ಲಿ ಅವನು ನಡೆಸುವುದು ಇದೊಂದೇ ದೊಡ್ಡ ಕೆಲಸ. ಇದು ಹೋದರೆ ಮತ್ತೆ ಮನೆಮನೆಗೆ ಟಿವಿ ಡಬ್ಬಿ ಜೋಡಿಸುತ್ತಾ ತಿರುಗಬೇಕು. ತಿರುಗಲಿ.

ಸಹಿ ಮಾಡುವ ಮೊದಲು ಮೇಡಂ ಪೆನ್ನು ಕೆಳಗಿಟ್ಟರು.

"ಒಬ್ಬರ ಅನ್ನದ ಮಾತಿದು, ಚಿದಾನಂದ ಅವರ. ನೀವು ಕಣ್ಣಾರೆ ಏನ ನೋಡೀರಿ, ಅಷ್ಟ ಒಂದ ಹಾಳಿ ಮ್ಯಾಲೆ ಬರದ ಕೊಡ್ರಿ. ಸೋಮವಾರ ಮುಂಜಾನೆ ಸಹಿ ಮಾಡ್ತೇನಿ."

ಅದಕ್ಕೇನು ಅಂದೆ. ಮನೆಗೆ ಬಂದು ಕುಳಿತು ಈ ಪುಸ್ತಕ ತಿರುವಿದೆ, ನೋಡಿದ್ದನ್ನು ಹೆಕ್ಕಿ ಬರೆಯೋಣ ಅಂತ. ನೀಲಕಂಠ ಹೇಳಿದ್ದು ಇದೆ. ನರ್ಸ್ ಹೇಳಿದ್ದು ಇದೆ. ಪಟ್ಟಿ ಹೇಳಿದ್ದು ಇದೆ. ಅವನು ಸ್ವಿಚ್ ತೆಗೆದದ್ದು ನಾನು ನೋಡಿದ್ದು ಯಾವ ಪುಟದಲ್ಲೂ ಇಲ್ಲ.

ಇದು ಹೆಂಗಸರ ಹಟ. ಹಾಳೆಯಂತೆ. ನೋಡಿದ್ದು ಬೇಕಾದರೆ ನೋಡಿಯೇ ಬರುತ್ತೇನೆ. ಮುಧೋಳಕ್ಕಂತೂ ಕಾಲಿಡುವುದಿಲ್ಲ. ಬೀಳಗಿಗೆ ಹೋದರೆ ಅಲ್ಲಿಂದ ಅವನ ಪೆಟ್ಟಿಗೆ ಪಕ್ಕದ ಮನೆ ಇದ್ದ ಹಾಗೆ. ಅದು ಬಂದ್ ಆಗುವುದನ್ನು ಗಡಿಯಾರ ಹಿಡಿದು ಬರೆದುಕೊಂಡು ಬರುತ್ತೇನೆ.

ನವೆಂಬರ್ 30, ಶನಿವಾರ

ಬೀಳಗಿ. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆ ತನಕ ಮುದಕಪ್ಪನ ಕುರ್ಚಿಯಲ್ಲಿ ಕುಳಿತೆ. ನಿಮಿಷಕ್ಕೊಮ್ಮೆ ಮುಧೋಳವನ್ನು ಕೂಗಿದೆ. ನೂರಾ ಎಂಬತ್ತು ಸಲ ಕೂಗಿದೆ, ನೂರಾ ಎಂಬತ್ತು ಸಲ ಓ ಅಂದಿತು. ಒಂದೂ ತಪ್ಪಲಿಲ್ಲ.

ಮುದಕಪ್ಪ ಬಾಗಿಲಿಗೆ ಒರಗಿ ನಿಂತು ಶೇಂಗಾ ತಿನ್ನುತ್ತಿದ್ದ.

"ನಾ ಹೇಳಿದ್ರ ಸುಳ್ಳ, ಪೆಟಗಿ ಹೇಳಿದ್ರ ಖರೆ, ಅಲ್ಲರೀ?"

"ನೀ ಅವನ ಮಾವ."

"ಪೆಟಗಿಗೆ ನಾ ಯಾವ ಮಾವನೂ ಅಲ್ರಿ. ಹತ್ತ ದಿನದಿಂದ ಬಡಕೋಳಾಕತ್ತೇನಿ. ತಗೋರಿ, ಶೇಂಗಾ ತಿನ್ರಿ, ಸಿಟ್ಟ ಇಳಿತೈತಿ."

ಇಳಿಯಲಿಲ್ಲ. ಒಂದು ಮುಷ್ಟಿ ತಿಂದೆ.

ಬೀಳಗಿಯಿಂದ ಮುಧೋಳ ಸರಿಯಾಗಿ ಕಾಣುತ್ತದೆ ಅಂದರೆ ದುರಗೇಶನ ಪೆಟ್ಟಿಗೆ ಮೂರು ತಾಸಿನಲ್ಲಿ ಒಮ್ಮೆಯೂ ಬಂದ್ ಆಗಿಲ್ಲ. ಹಾಗಾದರೆ ಜಮಖಂಡಿಯಿಂದ ಯಾಕೆ ಕಾಣುವುದಿಲ್ಲ? ಸೀದಾ ಜಮಖಂಡಿಗೆ ಹೊಡೆದೆ. ಅಲ್ಲಿಯ ಪಟ್ಟಿ ತೆಗೆದು ಈ ಸಲ ಹೆಜ್ಜೆ ಎಣಿಸಲಿಲ್ಲ, ಆ ಮಾತು ಯಾರು ಹೇಳಿದ್ದು ಅನ್ನುವ ಸಾಲು ನೋಡಿದೆ. ಬೀಳಗಿ ಹೇಳುತ್ತದೆ: ನನ್ನಿಂದ ಮುಧೋಳ ಕ್ಲಿನಿಕ್ ಎರಡು ಹೆಜ್ಜೆ, ದುರಗೇಶನ ಪೆಟ್ಟಿಗೆ ದಾಟಿ ಹೋಗಬೇಕು. ಬನಹಟ್ಟಿ ಹೇಳುತ್ತದೆ: ನನ್ನಿಂದ ಒಂದೇ. ಜಮಖಂಡಿ ಕಡಿಮೆ ಹೇಳಿದವರನ್ನು ನಂಬಿ ಮುಧೋಳಕ್ಕೆ ಹೋಗಬೇಕಾದ ಉತ್ತರವನ್ನೆಲ್ಲ ಬನಹಟ್ಟಿಗೆ ಕಳಿಸುತ್ತಿದೆ. ಮುಟ್ಟಿತು ಅನ್ನುವ ಆ ಉತ್ತರ ವಾಪಸ್ ಬರದಿದ್ದರೆ ಮುಧೋಳದ ಇಸಿಜಿ ಮುಂದೆ ಸಾಗುವುದಿಲ್ಲ.

ಬನಹಟ್ಟಿಯಿಂದ ಹೋದರೂ ದುರಗೇಶನ ಪೆಟ್ಟಿಗೆ ದಾಟದೆ ಕ್ಲಿನಿಕ್ ಸಿಗುವುದಿಲ್ಲ. ಅಲ್ಲಿಂದಲೂ ಎರಡೇ ಆಗಬೇಕು. ಒಂದು ಹೇಗೆ?

ನಾಳೆ ನೋಡುತ್ತೇನೆ. ಇವತ್ತು ನೋಡಬಹುದಿತ್ತು. ಯಾಕೋ ಕೈ ಹೋಗಲಿಲ್ಲ.

ಡಿಸೆಂಬರ್ 1, ಭಾನುವಾರ, ಅಮಾವಾಸ್ಯೆ

ಅಮಾವಾಸ್ಯೆಗೆ ಬನಹಟ್ಟಿಯಲ್ಲಿ ಮಗ್ಗ ಬಂದ್. ದಿನಾ ಕಿವಿ ತುಂಬುವ ಸಪ್ಪಳ ಇಲ್ಲದ ಕಾರಣ ಪಕ್ಕದ ಮನೆಯವರ ಕೆಮ್ಮೂ ಕೇಳಿಸುತ್ತಿತ್ತು. ಪೆಟ್ಟಿಗೆ ತೆರೆದೆ. ಪಟ್ಟಿಯನ್ನಲ್ಲ, ಪೆಟ್ಟಿಗೆಗೆ ನಾನು ಕೊಟ್ಟ ಅಪ್ಪಣೆಗಳನ್ನು ಮೇಲಿನಿಂದ ಕೆಳಗೆ ಓದಿದೆ.

ಮೂವತ್ತೇಳನೇ ಸಾಲು. ಮುಧೋಳ ಕ್ಲಿನಿಕ್ಕಿನ ದಾರಿ ಯಾರಿಂದಲೂ ಕಲಿತದ್ದಲ್ಲ, ಕೈಯಿಂದ ಬರೆದದ್ದು: ಮುಧೋಳದ ದಾರಿಯಲ್ಲಿರುವ ಮಹಾಲಿಂಗಪುರದಲ್ಲಿ ಒಂದು ಮಾಳಿಗೆಯ ಮೇಲೆ ನಾನು ಕೂರಿಸಿದ ಡಿಶ್ ಮೇಲಿಂದ ನೇರ ಕ್ಲಿನಿಕ್ಕಿಗೆ, ಒಂದು ಹೆಜ್ಜೆ. ಇದನ್ನೇ ಎಲ್ಲರಿಗೂ ಸಾರು ಅನ್ನುವ ಅಪ್ಪಣೆಯೂ ಕೆಳಗೆ ಇದೆ. ಬಾಜೂಕೆ ಟಿಪ್ಪಣಿ, ಇಂಗ್ಲಿಷ್ ಅಕ್ಷರದಲ್ಲಿ ನನ್ನದೇ ಕನ್ನಡ: ದುರಗ್ಯಾನ ಕಡಿಂದ ಬ್ಯಾಡ.

ತಾರೀಖು, ಆ ಮದುವೆಯ ಮರುದಿನ.

ಈಗ ನೆನಪಾಯಿತು. ಅವನ ಪೆಟ್ಟಿಗೆಯ ಹಂಗೇ ಬೇಡ ಅಂತ ಆ ದಿನ ಸಿಟ್ಟಿನಲ್ಲಿ ಗಾಳಿಯ ಮೇಲೆ ಬೇರೆ ದಾರಿ ಮಾಡಿದ್ದೆ. ನಾಲ್ಕು ದಿನ ಇಟ್ಟು ತೆಗೆಯುತ್ತೇನೆ ಅಂದುಕೊಂಡಿದ್ದೆ. ಅದು ಸುಮ್ಮನೆ ಕೆಲಸ ಮಾಡಿತು. ತ್ರಾಸು ಕೊಡದ ವಸ್ತುವನ್ನು ಯಾರು ನೆನಪಿಡುತ್ತಾರೆ? ಕೈಯಿಂದ ಬರೆದ ದಾರಿ ಮುಂದೆ ಸತ್ತರೂ ಪೆಟ್ಟಿಗೆ ಅದನ್ನು ಬಿಡುವುದಿಲ್ಲ. ಒಂದೇ ಹೆಜ್ಜೆ, ಒಂದೇ ಹೆಜ್ಜೆ ಅಂತ ಮೂವತ್ತು ಸೆಕೆಂಡಿಗೊಮ್ಮೆ ಸಾರುತ್ತಲೇ ಇರುತ್ತದೆ.

ಗಾಡಿ ತೆಗೆದು ಮಹಾಲಿಂಗಪುರಕ್ಕೆ ಹೋದೆ. ಮಾಳಿಗೆ ಹತ್ತಿದೆ. ಎದುರಿನ ಬೆಲ್ಲದ ವ್ಯಾಪಾರಿ ಹೊಸ ಅಂತಸ್ತು ಏರಿಸುತ್ತಿದ್ದಾನೆ. ಗೋಡೆಗೆ ಹೊಡೆದ ನೀರು ಇನ್ನೂ ಆರಿರಲಿಲ್ಲ. ನನ್ನ ಡಿಶ್ ಆ ಗೋಡೆಗೆ ಮುಖ ಮಾಡಿ ಕುಳಿತಿತ್ತು. ಗೋಡೆ ಏರಿದ ಹಾಗೆ ಸಿಗ್ನಲ್ ಒಮ್ಮೆ ದಾಟಿದೆ, ನಾಲ್ಕು ಸಲ ದಾಟಿಲ್ಲ. ಅದರ ಹಸಿರು ದೀಪ ಉರಿಯುತ್ತಿತ್ತು.

ಮನೆಗೆ ಬಂದು ಮೂವತ್ತೇಳನೇ ಸಾಲು ಅಳಿಸಿದೆ. ಮೂವತ್ತು ಸೆಕೆಂಡ್ ಕಳೆಯುವುದರೊಳಗೆ ಪಟ್ಟಿ ತಾನೇ ತಿದ್ದಿಕೊಂಡಿತು. ಮುಧೋಳ ಕ್ಲಿನಿಕ್, ಎರಡು ಹೆಜ್ಜೆ, ಹೇಳಿದವರು ದುರಗೇಶನ ಪೆಟ್ಟಿಗೆ. ಕೂಗಿದೆ. ಓ ಅಂದಿತು. ಮತ್ತೆ ಕೂಗಿದೆ.

ಇದನ್ನು ನೋಡಿದವರು ಯಾರೂ ಇಲ್ಲ. ಅಳಿಸಿದ ಸಾಲು ಇನ್ನು ಎಲ್ಲೂ ಇಲ್ಲ. ನಾಳೆ ಬೆಳಿಗ್ಗೆ ಸಹಿ. ಸುಮ್ಮನಿದ್ದರೆ ನಾಲ್ಕೂ ಊರು ನನ್ನವು. ಒಂದೇ ದಿನದಲ್ಲಿ ಸರಿ ಮಾಡಿದ ಅನ್ನುವ ಹೆಸರು ಬೇರೆ.

ರಾಜೇಶ್ವರಿ ಬಂದು ನಿಂತಳು. "ಸರಿ ಆತೇನ್ರಿ?"

"ಆತು."

"ಯಾರ ತಪ್ಪ ಇತ್ತು?"

"ಗೋಡಿದು."

"ಗೋಡಿಗೆ ತಪ್ಪ ಮಾಡಾಕ ಯಾರ ಹೇಳಿದ್ರು?" ಅಂದಳು. ಅವಳ ಮೇಲೆ ಬಂದ ಸಿಟ್ಟು ಇಡೀ ಹದಿನೈದು ದಿನದ ಸಿಟ್ಟಿಗಿಂತ ಜಾಸ್ತಿ ಇತ್ತು.

ಡಿಸೆಂಬರ್ 2, ಸೋಮವಾರ

ಹಾಳೆ ಬರೆದುಕೊಂಡು ಹೋದೆ. ಮೂವತ್ತೇಳನೇ ಸಾಲು, ಟಿಪ್ಪಣಿ, ತಾರೀಖು, ಡಿಶ್, ಗೋಡೆ. ನೋಡಿದ್ದನ್ನು ಅಷ್ಟೇ. ಹನ್ನೊಂದು ಸಾಲು ಆಯಿತು. ನನ್ನ ಜೀವನದಲ್ಲಿ ಅಷ್ಟು ಸಣ್ಣದು ಏನೂ ಬರೆದಿಲ್ಲ.

ಮೇಡಂ ಎರಡು ಸಲ ಓದಿದರು.

"ಇದನ್ನ ನೀವ ಬರದ್ರಿ?"

"ನಾನ ರೀ."

"ನೀವು ಹೇಳದಿದ್ರ ನನಗ ಗೊತ್ತಾಗ್ತಿತ್ತೇನು?"

"ಇಲ್ರಿ."

ಶಹಬ್ಬಾಸ್ ಅನ್ನುತ್ತಾರೆ ಅಂತ ಮನಸ್ಸಿನ ಮೂಲೆಯಲ್ಲಿ ಇತ್ತು. ಇರಲಿ, ಬರೆದಿಡುತ್ತೇನೆ.

"ನನಗ ಹೇಳಿದ್ರಿ, ಛಲೋ ಆತು. ಹಣಮವ್ವಗ ಯಾರ ಹೇಳ್ತಾರ?" ಅಂದರು. ಆಮೇಲೆ ಕ್ಲಾರ್ಕನ್ನು ಕರೆದರು. ಪತ್ರ ಹರಿಯಲಿಲ್ಲ, ಒಳಗಿನ ಹೆಸರು ಬದಲು ಮಾಡಿಸಿದರು. ನಾಲ್ಕೂ ಪೆಟ್ಟಿಗೆಯ ಪಾಸ್‌ವರ್ಡ್ ಇನ್ನು ಮುಂದೆ ದುರಗೇಶನ ಕೈಯಲ್ಲಿ. ನಾನು ಕೇಬಲ್ ನೋಡಿಕೊಳ್ಳಬೇಕು. ಪೆಟ್ಟಿಗೆ ಮುಟ್ಟಬೇಕಾದರೆ ಅವನನ್ನು ಕೇಳಿ ಮುಟ್ಟಬೇಕು.

ಅವನನ್ನು ಕೇಳಿ! ನಾನು ಕಲಿಸಿದ ಕೆಲಸ. ಹದಿನಾರು ವರ್ಷ ಕಿರಿಯವನಿಗೆ ಪೆಟ್ಟಿಗೆಯ ಮುಚ್ಚಳ ತೆಗೆಯುವುದನ್ನು ತೋರಿಸಿದವನು ನಾನು. ಖರೆ ಹೇಳಿದ್ದಕ್ಕೆ ಇದು ಬಹುಮಾನ. ಸುಳ್ಳು ಹೇಳಿದ್ದರೆ ನಾಲ್ಕು ಊರು, ಖರೆ ಹೇಳಿದರೆ ಒಂದೂ ಇಲ್ಲ. ಯಾವ ಪುಸ್ತಕದಲ್ಲಿ ಬರೆದರೂ ಈ ಲೆಕ್ಕ ಕೂಡುವುದಿಲ್ಲ. ಪಾಸ್‌ವರ್ಡ್ ಬೇಕಾದರೆ ಅವನೇ ಬಂದು ಒಯ್ಯಲಿ. ಇಲ್ಲ, ನೀಲಕಂಠನ ಕೈಯಲ್ಲಿ ಕಳಿಸುತ್ತೇನೆ.

ನೀಲಕಂಠನ ಕೈಯಲ್ಲಿ ಬೇಡ.

ಡಿಸೆಂಬರ್ 3, ಮಂಗಳವಾರ

ಮುಧೋಳ. ಹತ್ತೂವರೆಗೆ ಅವನ ಅಂಗಡಿ ಮುಂದೆ ಗಾಡಿ ನಿಲ್ಲಿಸಿದೆ. ದುರಗ್ಯಾ ಸ್ಟೂಲ್ ಮೇಲೆ ನಿಂತು ಗೋಡೆಗೆ ಮೊಳೆ ಹೊಡೆಯುತ್ತಿದ್ದ. ನೋಡಿದ. ಇಳಿಯಲಿಲ್ಲ.

"ಪೆಟಗ್ಯಾಗಿನ ಹಾವ ಹಿಡಿಯಾಕ ಬಂದ್ಯಾ?"

"ತಲಿ ತೋರಸಾಕ ಬಂದೇನಿ. ನೀನ ಅಂದಿದ್ದೆಂತಲ್ಲ."

"ಚಿದಣ್ಣನ ಪೆಟಗಿ ಒಂದಸಲ ನೋಡ್ರಿ ಅಂದಿದ್ದೆ. ತಲಿ ಅಂದಿಲ್ಲ. ಈಗ ಅಂತೇನಿ."

ಅನ್ನಿಸಿಕೊಂಡೆ. ಅಂದ, ಚೆನ್ನಾಗಿಯೇ ಅಂದ. ಇಲ್ಲಿ ಬರೆಯುವ ಹಾಗಿಲ್ಲ. ಮುಗಿದ ಮೇಲೆ ಸ್ಟೂಲಿನಿಂದ ಇಳಿದ.

"ಮದವಿಗೆ ಕರ್ಯಾಕ ಬಂದ್ರ ಬಾಗಲಾ ಹಾಕ್ತೇನಿ ಅಂದಿದ್ದೆಂತ?"

"ಅಂದಿದ್ದೆ. ಕಾರ್ಡ ಬಂದ ಮ್ಯಾಲೆ, ಸಿಟ್ಟಿಗೆ."

"ನನಗ ಕಾರ್ಡ ಕೊಡೂ ಮೊದಲ ಹೇಳಿದ್ರು. ಅದಕ್ಕ ಬರಲಿಲ್ಲ."

ನಾನು ಅನ್ನುವ ಮೊದಲೇ ನನ್ನ ಮಾತು ಅವನಿಗೆ ಮುಟ್ಟಿತ್ತು, ಕಾರ್ಡು ಹೊತ್ತು ತಂದ ನೀಲಕಂಠನ ಗಲ್ಲೆಯ ಮೇಲಿಂದ. ಪಾಸ್‌ವರ್ಡ್ ಬರೆದ ಚೀಟಿ ಕೊಟ್ಟೆ. ಜೇಬಿಗೆ ಹಾಕಿಕೊಂಡ, ಓದಲಿಲ್ಲ. ಹಣಮವ್ವನ ಮನೆ ಎಲ್ಲಿ ಅಂತ ಕೇಳಿದೆ. ನಾನೂ ಬರ್ತೇನಿ ಅಂದ. ಬೇಡ ಅಂದೆ. ಬಂದ.

ಆಕೆ ಹೊರಸಿನ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಸಣ್ಣ ಆಳು, ದೊಡ್ಡ ದನಿ.

"ಯಾರಪಾ ನೀ?"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಬಹಳ ಇತ್ತು. "ಅವತ್ತ ನಿಮ್ಮ ಇಸಿಜಿ ತಡಾ ಆತಲ್ಲರಿ, ಅದು ನನ್ನ ತಪ್ಪರಿ" ಅಂದೆ. ಅಷ್ಟೇ ಬಂತು.

"ನಮ್ಮೂರಾಂವ ಬಂದ್ ಮಾಡಿದ್ದ ಅಂದ್ರು?"

"ಇಲ್ರಿ. ನಾನು."

ಮಗ ಎದ್ದು ನಿಂತ. ಆಕೆ ಕೈ ಎತ್ತಿ ಅವನನ್ನು ಕೂರಿಸಿದಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಎರಡ ರೊಟ್ಟಿ ಬಡದ್ರ ಉಸರ ಹತ್ತತೈತಿ ಈಗ. ಹತ್ತ ಮಂದಿಗೆ ಬಡಿತಿದ್ನಿ." ಸ್ವಲ್ಪ ತಡೆದು ಕೇಳಿದಳು, "ಈಗ ಹೋಗತೈತೇನು ಅದು, ಜಮಖಂಡಿಗೆ?"

"ಹೋಗತೈತ್ರಿ."

"ನೀ ಅಂತೀದಿ. ಅವತ್ತ ಆ ಹುಡುಗಿನೂ ಹೋಗಾಕತ್ತೈತಿ, ಹೋಗಾಕತ್ತೈತಿ ಅಂತ ಅಂದ್ಲು." ಹೊರಸಿನಿಂದ ಕಾಲು ಕೆಳಗೆ ಬಿಟ್ಟಳು. "ನಡೀರಿ. ನನ್ನ ಮುಂದ ಕಳಸ್ರಿ."

ಹೇಗೂ ಈ ವಾರ ಮತ್ತೊಮ್ಮೆ ತೆಗೆಸಬೇಕಿತ್ತಂತೆ. ದುರಗ್ಯಾ ಒಂದು ಕಡೆ, ನಾನು ಒಂದು ಕಡೆ, ನಡುವೆ ಹಣಮವ್ವ, ಹಿಂದೆ ಸಿಟ್ಟು ಇಳಿಯದ ಮಗ. ಕ್ಲಿನಿಕ್ಕಿಗೆ ಇನ್ನೂರು ಹೆಜ್ಜೆ ಇಲ್ಲ, ಮೂರು ಕಡೆ ನಿಂತಳು. ನರ್ಸ್ ವೈರ್ ಹಚ್ಚಿ, ತೆಗೆದು, ಕಳಿಸಿದಳು. ಚಕ್ರ ತಿರುಗಿತು. ನಾನು ಗಡಿಯಾರ ನೋಡಿದೆ, ದುರಗ್ಯಾ ಪರದೆ ನೋಡಿದ. ಹಣಮವ್ವ ಎರಡನ್ನೂ ನೋಡಲಿಲ್ಲ, ನಮ್ಮಿಬ್ಬರ ಮುಖ ನೋಡುತ್ತಾ ಮಲಗಿದ್ದಳು.

ನಾಲ್ಕನೇ ನಿಮಿಷಕ್ಕೆ ಫೋನ್ ಬಂತು. ದುರಗ್ಯಾ ಸ್ಪೀಕರ್ ಹಾಕಿ ಆಕೆಯ ಕಿವಿಯ ಹತ್ತಿರ ಹಿಡಿದ. "ಹಣಮವ್ವಾ, ನಿಮ್ಮ ಇಸಿಜಿ ನೋಡಾಕತ್ತೇನಿ" ಅಂದರು ಮೇಡಂ.

"ಖರೆ ನೀವನ ಏನ್ರಿ?" ಅಂದಳು ಹಣಮವ್ವ.